ಅಂಡಾಶಯದ ದೊಡ್ಡ ಗಡ್ಡೆ: ಎಷ್ಟು ತೆಗೆಯಬೇಕು, ಎಷ್ಟು ಉಳಿಸಬೇಕು?

ಹದಿನೆಂಟರ ಹುಡುಗಿಯ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಓವರಿಯನ್ ಸಿಸ್ಟ್’ ಎಂದು ಬಂದರೆ ಮನೆಯವರಿಗೆ ವಾರದೊಳಗೆ ಮೂರು ಸಲಹೆ ಸಿಗುತ್ತವೆ. ಗುಳಿಗೆಗೆ ಕರಗುತ್ತದೆ ಅನ್ನುವವರು ಒಬ್ಬರು, ನಾಳೆಯೇ ಆಪರೇಷನ್ ಮಾಡಿಸಿ ಅನ್ನುವವರು ಇನ್ನೊಬ್ಬರು. ‘ಮೊದಲ ಲಗ್ನ ಆಗ್ಲಿ, ಆಮ್ಯಾಲೆ ನೋಡೋಣ’ ಎನ್ನುವವರು ಮನೆಯ ಹಿರಿಯರು. ಮೊದಲೆರಡು ಮಾತು ಯಾವುದೋ ಒಂದು ಬಗೆಯ ಗಡ್ಡೆಗೆ ಅರ್ಧಂಬರ್ಧ ಹೊಂದುತ್ತವೆ. ಮೂರನೆಯದು ಯಾವುದಕ್ಕೂ ಹೊಂದುವುದಿಲ್ಲ.

ಪ್ರತಿ ತಿಂಗಳು ಅಂಡಾಶಯದಲ್ಲಿ ಎರಡು ಸೆಂಟಿಮೀಟರ್ ಆಸುಪಾಸಿನ ನೀರಿನ ಚೀಲವೊಂದು ಬೆಳೆದು ಒಡೆಯುತ್ತದೆ. ಒಡೆಯದೆ ಉಳಿದರೆ ಐದಾರು ಸೆಂ.ಮೀ.ವರೆಗೂ ಹಿಗ್ಗಬಹುದು. ಗೋಡೆ ತೆಳ್ಳಗಿದ್ದು ಒಳಗೆ ಬರೀ ತಿಳಿನೀರಿದ್ದರೆ, ಗುಳಿಗೆ ನುಂಗಿದರೂ ಬಿಟ್ಟರೂ ಎರಡು ಮೂರು ಮುಟ್ಟಿನೊಳಗೆ ಸಾಮಾನ್ಯವಾಗಿ ಹೋಗುತ್ತದೆ. ಐದರಿಂದ ಏಳು ಸೆಂ.ಮೀ. ಇದ್ದರೆ ವರ್ಷಕ್ಕೊಮ್ಮೆ ಸ್ಕ್ಯಾನ್ ಸಾಕು. ಏಳು ದಾಟಿದರೆ ಸ್ಕ್ಯಾನಿನಲ್ಲಿ ಇಡೀ ಗಡ್ಡೆ ಸರಿಯಾಗಿ ಕಾಣದೆ ಹೋಗಬಹುದು, ಹೀಗಾಗಿ ಎಂಆರ್‌ಐ ಇಲ್ಲವೇ ಆಪರೇಷನ್ ಯೋಚನೆ ಶುರುವಾಗುತ್ತದೆ. ಪಿಸಿಓಡಿ, ಅಂದರೆ ಪಾಲಿಸಿಸ್ಟಿಕ್ ಓವರಿ, ಬೇರೆಯೇ ವಿಷಯ. ಅಲ್ಲಿರುವುದು ಸೆಂಟಿಮೀಟರನ್ನೂ ಮುಟ್ಟದ ಸಣ್ಣ ಗುಳ್ಳೆಗಳು, ಅವು ಗಡ್ಡೆಯೂ ಅಲ್ಲ, ಕೊಯ್ದು ತೆಗೆಯುವಂಥವೂ ಅಲ್ಲ. ಎರಡನ್ನೂ ಕಲಸಿ ಮಾತಾಡುವುದರಿಂದಲೇ ಅರ್ಧ ಗೊಂದಲ.

ತಾನಾಗಿ ಹೋಗದ ಗಡ್ಡೆಗಳಲ್ಲಿ ಎಳೆವಯಸ್ಸಿನವರಿಗೆ ಹೆಚ್ಚು ಕಾಣುವುದು ಡರ್ಮಾಯ್ಡ್. ಒಳಗೆ ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲು. ನೂರರಲ್ಲಿ ಹತ್ತು ಹದಿನೈದು ಜನರಿಗೆ ಎರಡೂ ಕಡೆ ಇರುತ್ತದೆ. ಹೊಟ್ಟೆ ತುಂಬುವಷ್ಟು ಬೆಳೆಯುವುದು ಹೆಚ್ಚಾಗಿ ಲೋಳೆ ತುಂಬಿದ ಮ್ಯೂಸಿನಸ್ ಗಡ್ಡೆ. ಹಳೆಯ ರಕ್ತ ತುಂಬಿದ ‘ಚಾಕೊಲೇಟ್ ಸಿಸ್ಟ್’ ಮುಟ್ಟಿನ ಹೊಟ್ಟೆನೋವಿನ ಜೊತೆ ಬರುತ್ತದೆ.

1809ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಎಫ್ರೈಮ್ ಮೆಕ್‌ಡೊವೆಲ್ ಅರಿವಳಿಕೆಯಿಲ್ಲದೆ ಜೇನ್ ಕ್ರಾಫರ್ಡ್ ಎಂಬಾಕೆಯ ಹೊಟ್ಟೆಯಿಂದ ಸುಮಾರು ಹತ್ತು ಕಿಲೋ ಗಡ್ಡೆ ತೆಗೆದ. ಆಕೆ ಮತ್ತೆ ಮೂವತ್ತೆರಡು ವರ್ಷ ಬದುಕಿದಳು. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಅಲ್ಟ್ರಾಸೌಂಡ್ ಬಗ್ಗೆ ಬರೆದ ಲೇಖನದಲ್ಲಿ, ಜಠರದ ಕ್ಯಾನ್ಸರ್ ಎಂದು ಕೈಬಿಟ್ಟಿದ್ದ ಹೆಂಗಸಿಗೆ ಇದ್ದದ್ದು ಅಂಡಾಶಯದ ಗಡ್ಡೆ ಎಂಬ ಪ್ರಸಂಗವಿದೆ. ಅಲ್ಲಿಯವರೆಗಿನ ಪ್ರಶ್ನೆ ಒಂದೇ: ರೋಗಿ ಉಳಿಯುತ್ತಾಳೆಯೇ? ಅಂಡಾಶಯ ಉಳಿಯುತ್ತದೆಯೇ ಎಂಬ ಪ್ರಶ್ನೆ ಬಂದದ್ದು ತೀರಾ ಈಚೆಗೆ. ಅದನ್ನು ಮುಂದೆ ತಂದದ್ದು ಮುಖ್ಯವಾಗಿ ತಿರುಚು, ಅಂದರೆ ಟಾರ್ಶನ್.

ಐದು ಸೆಂ.ಮೀ. ದಾಟಿದ ಗಡ್ಡೆ ತನ್ನ ತೊಟ್ಟಿನ ಮೇಲೆ ಸುತ್ತಿಕೊಳ್ಳಬಹುದು. ಎಡಗಡೆ ದೊಡ್ಡಕರುಳು ಜಾಗ ಹಿಡಿದಿರುವುದರಿಂದ ಬಲಗಡೆಯೇ ಹೆಚ್ಚು. ನೋವು ತಟ್ಟನೆ ಬರುತ್ತದೆ, ಜೊತೆಗೆ ವಾಂತಿ. ಬಿಟ್ಟು ಬಿಟ್ಟು ಬರುವುದೂ ಉಂಟು. ಅಪೆಂಡಿಕ್ಸ್ ಅಥವಾ ಕಿಡ್ನಿ ಕಲ್ಲು ಎಂದುಕೊಂಡು ನೋವಿನ ಇಂಜೆಕ್ಷನ್ ಹಾಕಿ ಮನೆಗೆ ಕಳಿಸಿದರೆ ಬೆಳಗಾಗುವಷ್ಟರಲ್ಲಿ ತಡವಾಗಿರುತ್ತದೆ. ಸುತ್ತಿಕೊಂಡಾಗ ಮೊದಲು ಒತ್ತುವುದು ತೆಳುಗೋಡೆಯ ಅಭಿಧಮನಿ. ಅಪಧಮನಿಯಲ್ಲಿ ರಕ್ತ ಇನ್ನೂ ಬರುತ್ತಲೇ ಇರುತ್ತದೆ, ಹೊರಹೋಗಲು ದಾರಿಯಿಲ್ಲದೆ ಅಂಡಾಶಯ ಊದಿ ಕಪ್ಪಾಗುತ್ತದೆ. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ರಕ್ತ ಹರಿಯುವುದು ಕಂಡ ಮಾತ್ರಕ್ಕೆ ತಿರುಚಿಲ್ಲ ಎನ್ನಲಾಗದು ಎಂಬುದಕ್ಕೆ ಕಾರಣ ಇದೇ.

ಬಹುಕಾಲ ಕಪ್ಪಾದ ಅಂಡಾಶಯ ಸತ್ತಂತೆ ಎಂದೇ ಲೆಕ್ಕ. ಬಿಡಿಸಿದರೆ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದೀತೆಂಬ ಭಯಕ್ಕೆ ತಿರುಚನ್ನು ಬಿಡಿಸದೆಯೇ ತೊಟ್ಟಿಗೆ ಕ್ಲಾಂಪ್ ಹಾಕಿ ಕತ್ತರಿಸುತ್ತಿದ್ದರು. ಆ ಭಯಕ್ಕೆ ಆಧಾರ ಸಿಗಲಿಲ್ಲ. ಬಿಡಿಸಿ ಹಾಗೇ ಬಿಟ್ಟ ಕಪ್ಪು ಅಂಡಾಶಯಗಳಲ್ಲಿ ಬಹುಪಾಲು ಚೇತರಿಸಿಕೊಂಡು, ಮುಂದಿನ ಸ್ಕ್ಯಾನಿನಲ್ಲಿ ಮತ್ತೆ ಮೊಟ್ಟೆಚೀಲ ಬೆಳೆಸಿದ್ದು ಕಂಡುಬಂತು. ಅಮೆರಿಕದ ಸ್ತ್ರೀರೋಗ ತಜ್ಞರ ಸಂಸ್ಥೆ 2019ರಲ್ಲಿ ಹದಿಹರೆಯದವರ ವಿಷಯದಲ್ಲಿ ಇದನ್ನೇ ಹೇಳಿತು: ಬಿಡಿಸಿ, ಉಳಿಸಿ, ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಮುಟ್ಟಿದರೆ ಹರಿಯುವಷ್ಟು ಊತವಿದ್ದರೆ ಆ ದಿನ ಗಡ್ಡೆಗೆ ಕೈಹಾಕದೆ ಆರರಿಂದ ಎಂಟು ವಾರದ ಮೇಲೆ ತೆಗೆಯಬಹುದು. ಪುಸ್ತಕದ ಈ ಮಾತು ರಾತ್ರಿ ಎರಡು ಗಂಟೆಯ ಆಪರೇಷನ್ ಟೇಬಲ್‌ವರೆಗೆ ಎಲ್ಲ ಕಡೆಯೂ ತಲುಪಿಲ್ಲ.

ತಿರುಚದ ದೊಡ್ಡ ಗಡ್ಡೆಯ ಕಷ್ಟ ನಿಧಾನದ್ದು. ಮೂತ್ರನಾಳ ಒತ್ತಿ ಕಿಡ್ನಿ ಊದುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ಮದುವೆಯಾಗದ ಹುಡುಗಿಯ ಹೊಟ್ಟೆ ಮುಂದೆ ಬಂದರೆ ಓಣಿಯ ಬಾಯಿಗೆ ಹೆದರಿ ಮುಚ್ಚಿಡುವುದೂ ಉಂಟು. ಗಡ್ಡೆ ಹೊಕ್ಕುಳ ದಾಟುವುದು ಆ ತಿಂಗಳುಗಳಲ್ಲೇ. ಇಂಥವರಿಗೆ ಮೂತ್ರಕೋಶ ತುಂಬಿಸಿ ಹೊಟ್ಟೆಯ ಮೇಲಿಂದಲೇ ಸ್ಕ್ಯಾನ್ ಮಾಡುತ್ತಾರೆ, ಸಂಕೋಚಕ್ಕೆ ಕಾರಣವೇ ಇಲ್ಲ.

ಆಪರೇಷನ್‌ಗೆ ಮುಂಚೆ, ಗಡ್ಡೆಯೊಳಗೆ ಗಟ್ಟಿ ಭಾಗವಿದ್ದರೆ, ಕ್ಯಾನ್ಸರಿನ ಸುಳಿವು ಹುಡುಕುವ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ರಕ್ತಪರೀಕ್ಷೆ ಬೇಕು. ಅಂಥದ್ದೇ ಇನ್ನೊಂದು ಪರೀಕ್ಷೆಯಾದ ಸಿಎ-125 ಒಂದನ್ನೇ ನೆಚ್ಚುವಂತಿಲ್ಲ. ಮುಟ್ಟಿನಲ್ಲಿ, ಚಾಕೊಲೇಟ್ ಸಿಸ್ಟಿನಲ್ಲಿ, ಹೊಟ್ಟೆಯ ಟಿಬಿಯಲ್ಲಿ ಕೂಡ ಏರುತ್ತದೆ. ನಮ್ಮ ಕಡೆ ಬಹಳ ದಿನ ಲ್ಯಾಪ್ರೊಸ್ಕೋಪಿ (ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್) ಎಂದರೆ ಸಂತಾನಹರಣದ ಕ್ಯಾಂಪು ಅಷ್ಟೇ. ಈಗ ದೊಡ್ಡ ಗಡ್ಡೆಯನ್ನೂ ಹಾಗೆ ತೆಗೆಯುತ್ತಾರೆ: ಗೋಡೆಗೆ ಸುತ್ತಲೂ ಹೊಲಿಗೆ ಹಾಕಿ ಬಿಗಿದು, ನಡುವೆ ರಂಧ್ರ ಮಾಡಿ, ನೀರು ಹೊರಗೆಳೆದು, ಸಿಪ್ಪೆಯನ್ನು ಅಂಡಾಶಯದಿಂದ ಬಿಡಿಸಿ, ಚೀಲದಲ್ಲಿ ಹೊರತರುವುದು. ಹತ್ತಾರು ಲೀಟರ್ ಇದ್ದರೆ ನಿಧಾನವಾಗಿ ಇಳಿಸಬೇಕು. ಒಮ್ಮೆಲೇ ಖಾಲಿ ಮಾಡಿದರೆ ಹೊಟ್ಟೆಯ ರಕ್ತನಾಳಗಳಲ್ಲಿ ರಕ್ತ ನಿಂತು ಬಿಪಿ ಕುಸಿಯುತ್ತದೆ. ಡರ್ಮಾಯ್ಡ್ ಕೊಬ್ಬು ಸೋರಿದರೆ ಹೊಟ್ಟೆಯ ಒಳಪೊರೆಗೆ (ಪೆರಿಟೋನಿಯಂ) ಉರಿಯೂತ, ಆದ್ದರಿಂದ ಬೆಚ್ಚಗಿನ ಸಲೈನ್ ಲೀಟರ್‌ಗಟ್ಟಲೆ ಹಾಕಿ ತೊಳೆಯಬೇಕು. ಕ್ಯಾನ್ಸರ್ ಅನುಮಾನವಿದ್ದರೆ ಮಾತ್ರ ಒಡೆಯುವ ಹಾಗೇ ಇಲ್ಲ. ಒಡೆದರೆ ರೋಗದ ಹಂತವೇ ಮೇಲೇರುತ್ತದೆ. ಅಲ್ಲಿ ಉದ್ದ ಗಾಯದ ಓಪನ್ ಆಪರೇಷನ್ನೇ ಸರಿ, ಗಾಯದ ಕಲೆಯ ಚಿಂತೆ ಆಮೇಲೆ. ರಕ್ತ ನಿಲ್ಲಿಸಲು ಸುಡುವುದು ಕಡಿಮೆ, ಹೊಲಿಯುವುದು ಹೆಚ್ಚು ಇದ್ದಷ್ಟು ಮೊಟ್ಟೆಗಳು ಉಳಿಯುತ್ತವೆ.

1957ರಲ್ಲಿ ಶುರುವಾದ ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜೇ ಬಹುಕಾಲ ಈ ಭಾಗಕ್ಕೆಲ್ಲ ಕೊನೆಯ ನಿಲ್ದಾಣ. ಜನರ ಬಾಯಲ್ಲಿ ಈಗಲೂ ಅದು ಕಿಮ್ಸ್. ಗದಗಕ್ಕೆ ಮೆಡಿಕಲ್ ಕಾಲೇಜು ಬಂದದ್ದು 2015ರಲ್ಲಿ, ಹಾವೇರಿಗೆ 2022ರಲ್ಲಿ. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಸೌಲಭ್ಯವಿದೆ. ಇಷ್ಟಿದ್ದೂ ತಾಲ್ಲೂಕಿನಲ್ಲಿ ರಾತ್ರಿ ಸ್ಕ್ಯಾನ್ ಸಿಗುವುದು ಕಷ್ಟ, ತಿರುಚಿದ ಅಂಡಾಶಯಕ್ಕೆ ಲೆಕ್ಕವೇ ಗಂಟೆಗಳದ್ದು. ಹಾವೇರಿ ಜಿಲ್ಲೆಯಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆದರೆಂಬ ದೂರುಗಳಿಗೆ ಹೆಂಗಸರು ಬೀದಿಗಿಳಿದದ್ದು ಬಹಳ ಮನೆಗಳಿಗೆ ನೆನಪಿದೆ. ಆಪರೇಷನ್ ಎಂದೊಡನೆ ಹಿಂಜರಿಯುವುದರಲ್ಲಿ ತಪ್ಪಿಲ್ಲ. ಆದರೆ ಬೇಡದ ಆಪರೇಷನ್‌ನಿಂದ ಗರ್ಭಕೋಶ ಹೋದಂತೆ, ಬೇಕಾದದ್ದನ್ನು ಮುಂದೂಡಿದರೆ ಅಂಡಾಶಯ ಹೋಗುತ್ತದೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕೇಳಬೇಕಾದದ್ದು: ತೆಗೆಯುವುದು ಗಡ್ಡೆಯನ್ನೋ, ಅಂಡಾಶಯವನ್ನೋ? ಯಾವ ಕಾರಣ ಕಂಡರೆ ಅಂಡಾಶಯ ತೆಗೆಯುತ್ತೀರಿ? ಉತ್ತರವನ್ನು ಪತ್ರದಲ್ಲೇ ಬರೆಸಬಹುದು. ತೆಗೆದದ್ದೆಲ್ಲ ಬಯಾಪ್ಸಿಗೆ ಹೋಗಬೇಕು. ಹೊಲಿಗೆ ಬಿಚ್ಚಿಸಲು ಹೋದ ದಿನವೇ ಅದರ ರಿಪೋರ್ಟ್ ಬಂದಿದೆಯೇ ಎಂದು ವಿಚಾರಿಸಿ, ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಬೇಕು. ‘ಬಾರ್ಡರ್‌ಲೈನ್’, ಅಂದರೆ ಸಾದಾ ಗಡ್ಡೆಗೂ ಕ್ಯಾನ್ಸರಿಗೂ ನಡುವಿನದು, ಎಂದಿದ್ದರೆ ವರ್ಷಗಟ್ಟಲೆ ಸ್ಕ್ಯಾನ್ ತಪ್ಪಿಸುವಂತಿಲ್ಲ.