ರೇಡಿಯೇಟರ್‌ಗೆ ನೀರು ಹಾಕುವುದು ರಿಪೇರಿ ಅಲ್ಲ

"ಅಣ್ಣಾ, ಗಾಡಿ ಚೆನ್ನಾಗಿದೆ. ವಾರಕ್ಕೊಂದು ಸಲ ಸ್ವಲ್ಪ ನೀರು ಹಾಕಬೇಕು, ಅಷ್ಟೇ."

ಸೆಕೆಂಡ್ ಹ್ಯಾಂಡ್ ಕಾರು ತಂದವರು ನನ್ನ ಗ್ಯಾರೇಜಿಗೆ ಬಂದು ಹೇಳುವ ಮಾತಿದು. ಬ್ರೇಕ್ ನೋಡಿ, ಹಾರ್ನ್ ನೋಡಿ, ಹಿಂದಿನ ಬಾಗಿಲು ಕಿರುಗುಟ್ಟುತ್ತದೆ ನೋಡಿ ಎಂದು ಉದ್ದ ಪಟ್ಟಿ ಕೊಡುತ್ತಾರೆ. ನೀರಿನ ವಿಷಯ ಪಟ್ಟಿಯಲ್ಲಿ ಇರುವುದಿಲ್ಲ. ಹೊರಡುವ ಹೊತ್ತಿಗೆ ನೆನಪಾಗಿ ಹೇಳುತ್ತಾರೆ. ಮಾರಿದವರು ಅವರಿಗೆ ಮೊದಲೇ ಸಮಾಧಾನ ಹೇಳಿ ಕಳಿಸಿರುತ್ತಾರೆ: "ಹಳೇ ಗಾಡಿ ಅಲ್ವಾ, ಸ್ವಲ್ಪ ನೀರು ಕುಡಿಯುತ್ತೆ."

ಯಾವ ಗಾಡಿಯೂ ನೀರು ಕುಡಿಯುವುದಿಲ್ಲ. ಪೆಟ್ರೋಲ್ ಉರಿದು ಖರ್ಚಾಗುತ್ತದೆ. ಎಂಜಿನ್ ಆಯಿಲ್ ಕೂಡ ಸ್ವಲ್ಪ ಖರ್ಚಾಗಬಹುದು. ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಮಾತ್ರ ಮುಚ್ಚಿದ ದಾರಿಯಲ್ಲೇ ಸುತ್ತುತ್ತಿರುತ್ತದೆ. ಎಂಜಿನ್‌ನಿಂದ ರೇಡಿಯೇಟರ್‌ಗೆ, ಅಲ್ಲಿಂದ ಮತ್ತೆ ಎಂಜಿನ್‌ಗೆ. ವರ್ಷಕ್ಕೊಮ್ಮೆ ಬಾನೆಟ್ ಅಡಿಯ ಕೂಲೆಂಟ್ ಬಾಟಲಿಯಲ್ಲಿ ಒಂದು ಬೆರಳು ಇಳಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ವಾರವಾರ ಇಳಿಯುತ್ತಿದೆ ಎಂದರೆ ಎಲ್ಲೋ ಹೋಗುತ್ತಿದೆ. ಎಲ್ಲಿ ಎಂದು ಹುಡುಕಲೇಬೇಕು.

"ಹೋದಷ್ಟು ಹಾಕಿದರೆ ಆಯ್ತಲ್ಲ?" ಎಂದು ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗದಿರುವುದು ಇದೇ. ಅದಕ್ಕೇ ಇಲ್ಲಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಲೀಕ್ ಆದಾಗ ನೀರು ಮಾತ್ರ ಹೋಗುವುದಿಲ್ಲ, ಒತ್ತಡವೂ ಹೋಗುತ್ತದೆ. ರೇಡಿಯೇಟರ್ ಕ್ಯಾಪಿನ ಮೇಲೆ 0.9 ಅಥವಾ 1.1 ಎಂದು ಬರೆದಿರುವುದನ್ನು ನೋಡಿದ್ದೀರಾ? ಅದು ಬಾರ್ ಲೆಕ್ಕದ ಒತ್ತಡ. ಎಂಜಿನ್ ಬಿಸಿಯಾದಾಗ ಕ್ಯಾಪ್ ಅಷ್ಟು ಒತ್ತಡವನ್ನು ಒಳಗೇ ಹಿಡಿದಿಡುತ್ತದೆ. ಒತ್ತಡ ಇದ್ದಾಗ ನೀರು ಬೇಗ ಕುದಿಯುವುದಿಲ್ಲ. ಮನೆಯ ಕುಕ್ಕರ್ ಕೂಡ ಇದೇ ಲೆಕ್ಕದಲ್ಲಿ ಕೆಲಸ ಮಾಡುವುದು. ಗ್ಯಾಸ್ಕೆಟ್ ಸಡಿಲವಾದ ಕುಕ್ಕರಿಗೆ ನೀವು ಎಷ್ಟು ನೀರು ಸುರಿದರೂ ವಿಷಲ್ ಬರುವುದಿಲ್ಲ.

ಈಗ ನಮ್ಮ ಊರಿನ ಲೆಕ್ಕಕ್ಕೆ ಬನ್ನಿ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ನೀರು ಕುದಿಯುವ ಬಿಸಿಯೂ ಇಳಿಯುತ್ತದೆ. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಮಡಿಕೇರಿಯಲ್ಲಿ 96ಕ್ಕೇ ಕುದಿಯುತ್ತದೆ. ಕಾರಿನ ಎಂಜಿನ್ ಮಾಮೂಲಾಗಿ ಓಡುವುದೇ 90ರಿಂದ 100 ಡಿಗ್ರಿಯಲ್ಲಿ! ಅಂದರೆ ಒತ್ತಡ ನಿಲ್ಲದ ಗಾಡಿಗೆ ಸಾದಾ ನೀರು ತುಂಬಿ ಘಾಟಿ ಹತ್ತಿಸಿದರೆ, ಎಂಜಿನ್ ಏನೂ ತಪ್ಪು ಮಾಡದಿದ್ದರೂ ನೀರು ಕುದಿಯುತ್ತದೆ. ಅದೇ ಗಾಡಿಯ ಕ್ಯಾಪ್, ಹೋಸ್ ಎಲ್ಲಾ ಬಿಗಿಯಾಗಿದ್ದರೆ ಅದೇ ನೀರು 115 ಡಿಗ್ರಿ ದಾಟುವವರೆಗೂ ಕುದಿಯುವುದಿಲ್ಲ. ಸರಿಯಾದ ಕೂಲೆಂಟ್ ಇದ್ದರೆ ಇನ್ನೂ ಮೇಲೆ.

ಹಾಗಾಗಿ ನಾಲ್ಕು ಹನಿಯ ಲೀಕ್ ಎಂದು ಸುಮ್ನಿರಬೇಡಿ. ಹೊರಗೆ ಬೀಳುವ ಹನಿ ಸಣ್ಣದಿರಬಹುದು. ಒಳಗೆ ಒತ್ತಡ ಪೂರ್ತಿ ಹೋಗಿರಬಹುದು. ನೀರು ಹಾಕಿದರೆ ಮಟ್ಟ ಸರಿಯಾಗುತ್ತದೆ, ಒತ್ತಡ ಸರಿಯಾಗುವುದಿಲ್ಲ.

ಕೊಡಗಿನ ಚಳಿ ಈ ತೊಂದರೆಯನ್ನು ಮುಚ್ಚಿಡುತ್ತದೆ. ಮನೆಯಿಂದ ತೋಟಕ್ಕೆ, ತೋಟದಿಂದ ಸಂತೆಗೆ ಓಡಾಡುವಾಗ ಗಾಡಿ ಬಿಸಿಯೇ ಆಗುವುದಿಲ್ಲ. ಏಪ್ರಿಲ್, ಮೇ ಬರುತ್ತದೆ. ಮದುವೆ ಸೀಸನ್. ಮನೆ ಮಂದಿಯನ್ನೆಲ್ಲಾ ತುಂಬಿಕೊಂಡು, ಎಸಿ ಹಾಕಿಕೊಂಡು ಸುಳ್ಯದ ಕಡೆಗೆ ಇಳಿಯುತ್ತಾರೆ. ಇಳಿಯುವಾಗ ಏನೂ ಆಗುವುದಿಲ್ಲ. ವಾಪಸ್ ಬರುವಾಗ ಸಂಪಾಜೆ ಗೇಟ್ ದಾಟಿ ಕೊಯನಾಡಿನಿಂದ ಏರು ಶುರುವಾದ ಮೇಲೆ ಆಟ ತಿಳಿಯುತ್ತದೆ. ಜೋಡುಪಾಲದ ಹತ್ತಿರ ಬಾನೆಟ್ ಎತ್ತಿ ನಿಂತವರ ಫೋನ್ ನನಗೆ ಬರುತ್ತದೆ. "ಮೀಟರ್ ನಡುವಲ್ಲೇ ಇತ್ತು ಅಣ್ಣಾ" ಎನ್ನುತ್ತಾರೆ. ಇದ್ದಿರಬಹುದು. ಬಿಸಿ ಅಳೆಯುವ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿರಬೇಕು. ಮಟ್ಟ ಇಳಿದು ಅದರ ಸುತ್ತ ಬರೀ ಗಾಳಿ, ಹಬೆ ಇದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ಅದನ್ನೊಂದೇ ನಂಬಬೇಡಿ.

ಇನ್ನು ಲೀಕ್ ಹುಡುಕುವ ವಿಷಯ. ನಮ್ಮ ಮಳೆಗಾಲದಲ್ಲಿ ಗಾಡಿಯ ಅಡಿಯೆಲ್ಲಾ ಒದ್ದೆ. ಯಾವುದು ಮಳೆ ನೀರು, ಯಾವುದು ಎಸಿ ನೀರು, ಯಾವುದು ಕೂಲೆಂಟ್ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಶೆಡ್ಡಿನೊಳಗೆ ಒಣ ರಟ್ಟು ಹಾಸಿ ಅದರ ಮೇಲೆ ರಾತ್ರಿ ಗಾಡಿ ನಿಲ್ಲಿಸಿ. ಬೆಳಗ್ಗೆ ಕಲೆಯನ್ನು ಮುಟ್ಟಿ ನೋಡಿ. ಎಸಿ ನೀರು ಬರೀ ನೀರು, ಒಣಗಿದರೆ ಏನೂ ಉಳಿಯುವುದಿಲ್ಲ. ಕೂಲೆಂಟ್ ಬೆರಳಿಗೆ ಜಾರುತ್ತದೆ, ಸಿಹಿ ವಾಸನೆ ಇರುತ್ತದೆ, ಒಣಗಿದಲ್ಲಿ ಬಿಳಿಯೋ ಹಸಿರೋ ಗುಲಾಬಿಯೋ ಪುಡಿ ಕಟ್ಟುತ್ತದೆ. ವಾಸನೆ ಸಾಕು, ನಾಲಿಗೆಗೆ ಮುಟ್ಟಿಸಬೇಡಿ. ಅದು ವಿಷ.

ಪೊನ್ನಂಪೇಟೆ ಕಡೆಯ ನಿವೃತ್ತ ಸುಬೇದಾರರೊಬ್ಬರು ನನ್ನ ಹಳೇ ಗಿರಾಕಿ. ಅವರ ಕಾರಿನಲ್ಲೂ ನೀರು ಇಳಿಯುತ್ತಿತ್ತು. ಎರಡು ಕಡೆ ತೋರಿಸಿದ್ದರು, ಯಾರಿಗೂ ಸಿಕ್ಕಿರಲಿಲ್ಲ. ನನ್ನ ಹತ್ತಿರ ಬರುವಾಗ ಒಂದು ಪುಟ್ಟ ಡೈರಿ ತಂದರು. ದಿನಾಂಕ, ಕಿಲೋಮೀಟರ್, ಹಾಕಿದ ನೀರು ಎಷ್ಟು ಗ್ಲಾಸ್, ಎಲ್ಲಾ ನೀಟಾಗಿ ಬರೆದಿಟ್ಟಿದ್ದರು. ಓದುತ್ತಾ ಹೋದ ಹಾಗೆ ನನಗೆ ಖುಷಿಯಾಯಿತು. ಮೈಸೂರಿಗೆ ಹೋಗಿಬಂದ ದಿನಗಳಲ್ಲಿ ನೀರು ಕಡಿಮೆಯಾಗಿರಲೇ ಇಲ್ಲ. ಡಿಸೆಂಬರಿನ ಚಳಿಯಲ್ಲಿ, ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ಕಾರು ಶೆಡ್ಡಿನಲ್ಲೇ ನಿಂತ ದಿನಗಳಲ್ಲಿ ಇಳಿದಿತ್ತು. ಓಡಿದಾಗ ಸೋರದೆ ನಿಂತಾಗ ಸೋರುವ ಲೀಕ್ ಅದು.

"ಸಾರ್, ಗಾಡಿ ರಾತ್ರಿ ಇಲ್ಲೇ ಇರಲಿ" ಎಂದೆ. ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಅಡಿಯಲ್ಲಿ ಮಲಗಿ ಟಾರ್ಚ್ ಬಿಟ್ಟೆ. ಕೆಳಗಿನ ಹೋಸ್ ರೇಡಿಯೇಟರಿಗೆ ಸೇರುವ ಕಡೆ, ಕ್ಲಿಪ್ಪಿನ ತಿರುಪಿನ ಕೆಳಗೆ, ಹಸಿರು ಹನಿಯೊಂದು ನಿಂತಿತ್ತು. ಸುತ್ತ ಬಿಳಿ ಪುಡಿ. ಎಂಜಿನ್ ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಟ್ಟೆ. ಹನಿ ಮಾಯ, ಬೆರಳಿಟ್ಟರೆ ಒಣಗಿದೆ. ಹಳೇ ರಬ್ಬರ್ ಗಟ್ಟಿಯಾಗಿ, ಚಳಿಗೆ ಕುಗ್ಗಿದಾಗ ಕ್ಲಿಪ್ಪಿನ ಹಿಡಿತ ಸಾಲದೆ ಬಿಡುತ್ತಿತ್ತು. ಬಿಸಿಯಾದಾಗ ಹಿಗ್ಗಿ ತಾನೇ ಮುಚ್ಚಿಕೊಳ್ಳುತ್ತಿತ್ತು. ಹಗಲು ಓಡಿಸಿಕೊಂಡು ಬಂದ ಗಾಡಿಯಲ್ಲಿ ಇದು ಯಾರಿಗೂ ಸಿಗುವುದಿಲ್ಲ. ಹೊಸ ಹೋಸ್, ಹೊಸ ಕ್ಲಿಪ್, ಕೂಲೆಂಟ್. ಅಷ್ಟೇ ಖರ್ಚು. ಅವರ ಡೈರಿ ಇಲ್ಲದಿದ್ದರೆ ನಾನು ವಾಟರ್ ಪಂಪಿನಿಂದ ಶುರು ಮಾಡುತ್ತಿದ್ದೆ. ನಿಮ್ಮ ಗಾಡಿಯದ್ದೂ ಹೀಗೆ ಬರೆದಿಡಿ. ಮೆಕ್ಯಾನಿಕ್‌ಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಕಣ್ಣಿಗೆ ಸಿಗದಿದ್ದರೆ ಪ್ರೆಷರ್ ಟೆಸ್ಟ್ ಮಾಡಬೇಕು. ಎಂಜಿನ್ ತಣ್ಣಗಿರುವಾಗ ಕ್ಯಾಪ್ ತೆಗೆದು, ಆ ಜಾಗಕ್ಕೆ ಮೀಟರ್ ಇರುವ ಕೈಪಂಪ್ ಕೂರಿಸುತ್ತೇವೆ. ಕ್ಯಾಪಿನ ಮೇಲೆ ಬರೆದಷ್ಟೇ ಒತ್ತಡ ಕೊಡಬೇಕು. ಜಾಸ್ತಿ ಕೊಟ್ಟರೆ ಚೆನ್ನಾಗಿದ್ದ ಹಳೇ ರೇಡಿಯೇಟರ್ ಕೂಡ ಬಿಟ್ಟುಕೊಳ್ಳುತ್ತದೆ. ಕಾಲು ಗಂಟೆ ಕಾಯಬೇಕು. ಮುಳ್ಳು ಇಳಿದರೆ ಹುಡುಕಾಟ ಶುರು. ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂಗೆ ಸೇರುವ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಕೂರುವ ಮನೆ. ಹೊರಗೆಲ್ಲೂ ಹನಿ ಇಲ್ಲದಿದ್ದರೆ ಮುಂದಿನ ಸೀಟಿನ ಕೆಳಗಿನ ಮ್ಯಾಟ್ ಎತ್ತಿ ನೋಡಿ. ಹೀಟರ್ ಕೋರ್, ಅಂದರೆ ಕಾರಿನೊಳಗೆ ಬಿಸಿ ಗಾಳಿ ಕೊಡುವ ಪುಟ್ಟ ರೇಡಿಯೇಟರ್, ಸೋರಿದರೆ ಅಲ್ಲಿ ಒದ್ದೆ, ಮುಂದಿನ ಗಾಜಿಗೆ ಒಳಗಿನಿಂದ ಜಿಡ್ಡು ಮಂಜು. ಕ್ಯಾಪನ್ನೂ ಅದೇ ಪಂಪಿನಲ್ಲಿ ಪರೀಕ್ಷೆ ಮಾಡಬೇಕು. ಎಷ್ಟೋ ಗಾಡಿಗಳಲ್ಲಿ ತಪ್ಪು ಕ್ಯಾಪಿನದ್ದೇ ಇರುತ್ತದೆ.

ಬಾಟಲಿ ತುಂಬಿದೆ ಎಂದು ನಿಶ್ಚಿಂತೆಯಿಂದ ಇರುವವರು ಇದನ್ನು ಕೇಳಿ. ರೇಡಿಯೇಟರಿಗೇ ಕ್ಯಾಪ್ ಇರುವ ಗಾಡಿಗಳಲ್ಲಿ ಬಿಸಿಗೆ ಹಿಗ್ಗಿದ ಕೂಲೆಂಟ್ ಬಾಟಲಿಗೆ ಹೋಗುತ್ತದೆ. ತಣ್ಣಗಾದಾಗ ಕ್ಯಾಪಿನ ಒಳಗಿನ ಸಣ್ಣ ವಾಲ್ವ್ ತೆರೆದು ಅದನ್ನು ವಾಪಸ್ ಎಳೆದುಕೊಳ್ಳಬೇಕು. ಎಲ್ಲೋ ಲೀಕ್ ಇದ್ದರೆ ಅದು ಕೂಲೆಂಟಿನ ಬದಲು ಗಾಳಿ ಎಳೆದುಕೊಳ್ಳುತ್ತದೆ. ಬಾಟಲಿ ತುಂಬಿರುತ್ತದೆ, ರೇಡಿಯೇಟರ್ ಖಾಲಿ ಇರುತ್ತದೆ. ತಣ್ಣಗಿದ್ದಾಗ ಕ್ಯಾಪ್ ತೆಗೆದೇ ನೋಡಬೇಕು. ಈಗಿನ ಹಲವು ಗಾಡಿಗಳಲ್ಲಿ ಕ್ಯಾಪ್ ಬಾಟಲಿಯ ಮೇಲೇ ಇರುತ್ತದೆ, ಅಲ್ಲಿ ಬಾಟಲಿ ನೋಡಿದರೆ ಸಾಕು.

ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್, ಅದರ ಬಗ್ಗೆ ಜನರಿಗೆ ಭಯ ಜಾಸ್ತಿ. ಆಯಿಲ್ ಮುಚ್ಚಳದ ಅಡಿಯಲ್ಲಿ ಕೆನೆ ಬಣ್ಣದ ನೊರೆ ಕಂಡ ಕೂಡಲೇ ಎಂಜಿನ್ ಹೋಯ್ತು ಎಂದು ಬರುತ್ತಾರೆ. ಹೆದರಬೇಡಿ. ನಮ್ಮ ಚಳಿ, ಮಳೆಯಲ್ಲಿ ಸಣ್ಣ ಸಣ್ಣ ಓಡಾಟ ಮಾಡುವ ಗಾಡಿಗೆ ಹಾಗೆ ಆಗುವುದುಂಟು. ಒಳಗಿನ ತೇವ ಆರದೆ ಮುಚ್ಚಳಕ್ಕೆ ಹಿಡಿಯುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲ್ ಕೂಡ ಹಾಗೇ ಇದೆ, ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲುವುದೇ ಇಲ್ಲ, ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಮೇಲಿನ ಹೋಸ್ ಕಲ್ಲಾಗುತ್ತದೆ ಎಂದರೆ ಆಗ ಓಡಿಸುವುದು ನಿಲ್ಲಿಸಿ. ಖಚಿತ ಮಾಡಿಕೊಳ್ಳಲು ಬೇರೆ ಪರೀಕ್ಷೆ ಇದೆ. ಒಂದು ನೀಲಿ ದ್ರವ, ಎಂಜಿನ್ನಿನ ಗ್ಯಾಸ್ ಕೂಲೆಂಟಿಗೆ ಬರುತ್ತಿದ್ದರೆ ಹಳದಿಯಾಗುತ್ತದೆ. ಅದನ್ನು ಮಾಡದೆ ಹೆಡ್ ಬಿಚ್ಚಲು ಒಪ್ಪಬೇಡಿ. ಹತ್ತಾರು ಸಾವಿರದ ಕೆಲಸ ಅದು.

ಲೀಕ್ ನಿಲ್ಲಲೆಂದು ರೇಡಿಯೇಟರಿಗೆ ಅರಿಶಿನ ಹಾಕುವವರಿಗೆ ಏನು ಹೇಳಬೇಕೋ! ಲಾರಿ ಕಾಲದ ಮದ್ದು ಅದು. ದಾರಿಯಲ್ಲಿ ಸಿಕ್ಕಿಬಿದ್ದಾಗ ಊರು ಸೇರಲು ಆದೀತು. ಸೋಮವಾರಪೇಟೆ ಕಡೆಯ ಹುಡುಗನೊಬ್ಬ ಅದನ್ನೇ ಕಾಯಂ ರಿಪೇರಿ ಎಂದುಕೊಂಡಿದ್ದ. ಲೀಕ್ ನಿಂತಿತ್ತು, ನಿಜ. ಆದರೆ ಹೀಟರ್ ಹೋಸ್ ಬಿಚ್ಚಿದಾಗ ಹಳದಿ ಕೆಸರು ಬಂತು, ರೇಡಿಯೇಟರಿನ ಕೆಳಗಿನ ಕೊಳವೆಗಳು ಕಟ್ಟಿಹೋಗಿದ್ದವು. ಸಣ್ಣ ತೂತನ್ನು ಮುಚ್ಚಿದ್ದೇ ಸಣ್ಣ ಕೊಳವೆಗಳನ್ನೂ ಮುಚ್ಚಿತು. ಅಂಗಡಿಯಲ್ಲಿ ಸಿಗುವ ಲೀಕ್ ನಿಲ್ಲಿಸುವ ಪುಡಿಗೂ ಇದೇ ಮಾತು. ಪ್ಲಾಸ್ಟಿಕ್ ಟ್ಯಾಂಕಿಗೆ ಎಂ-ಸೀಲ್ ಮೆತ್ತುವುದೂ ಊರು ಸೇರುವವರೆಗೆ ಮಾತ್ರ. ಬಿಸಿಯಾಗುತ್ತದೆ ಎಂದು ಥರ್ಮೋಸ್ಟಾಟ್ ಕಿತ್ತು ಬಿಸಾಡುವವರೂ ಇದ್ದಾರೆ. ನಮ್ಮ ಚಳಿಯಲ್ಲಿ ಎಂಜಿನ್ ಬಿಸಿಯೇ ಆಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಲೀಕ್ ಇದ್ದಲ್ಲೇ ಇರುತ್ತದೆ. ಕೆಟ್ಟ ಭಾಗ ಬದಲಿಸುವುದೇ ರಿಪೇರಿ. ಆಮೇಲೆ ಒಳಗಿನ ಗಾಳಿ ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಹೊಸ ರೇಡಿಯೇಟರ್ ಹಾಕಿದರೂ ಬಿಸಿಯಾಗುತ್ತದೆ.

"ಇಲ್ಲೇನು ಹಿಮ ಬೀಳುತ್ತಾ, ಕೂಲೆಂಟ್ ಯಾಕೆ? ನಮ್ಮ ಒರತೆ ನೀರು ಎಷ್ಟು ಶುದ್ಧ!" ಎಂದು ತೋಟದವರು ಕೇಳುತ್ತಾರೆ. ಕುಡಿಯಲು ಒರತೆ ನೀರಿನಷ್ಟು ಒಳ್ಳೆಯದಿಲ್ಲ. ಎಂಜಿನ್ನಿನ ಕಬ್ಬಿಣ, ಅಲ್ಯೂಮಿನಿಯಂಗೆ ತುಕ್ಕು ಹಿಡಿಯದಂತೆ ಕಾಯುವ ಔಷಧ ಅದರಲ್ಲಿಲ್ಲ. ಅದು ಕೂಲೆಂಟಿನಲ್ಲಿದೆ. ಗಾಡಿ ಪುಸ್ತಕದಲ್ಲಿ ಯಾವುದು ಹೇಳಿದೆಯೋ ಅದನ್ನೇ ಹಾಕಿ. ಬಣ್ಣ ನೋಡಿ ಬೆರೆಸಬೇಡಿ, ಬಣ್ಣ ಒಂದೇ ಇದ್ದರೂ ಒಳಗಿನದ್ದು ಬೇರೆ ಇರಬಹುದು. ಹಳೇ ಕೂಲೆಂಟನ್ನು ಅಂಗಳದಲ್ಲೋ ಕಾಫಿ ಕಣದ ಪಕ್ಕದಲ್ಲೋ ಸುರಿಯಲೇಬೇಡಿ. ಸಿಹಿಗೆ ನಾಯಿ ನೆಕ್ಕುತ್ತದೆ, ಸ್ವಲ್ಪ ಹೊಟ್ಟೆಗೆ ಹೋದರೂ ಕಿಡ್ನಿ ಹೋಗುತ್ತದೆ. ನಾಯಿ ಇಲ್ಲದ ತೋಟ ಕೊಡಗಿನಲ್ಲಿ ಎಲ್ಲಿದೆ? ತೋಡಿಗೂ ಬಿಡಬೇಡಿ. ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ತನ್ನಿ.

ಕಾರು ಕೊಳ್ಳುವ ಮೊದಲೇ ಇದನ್ನೆಲ್ಲಾ ನೋಡಬಹುದು. "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಎಂದು ಮಾರುವವರಿಗೆ ಹೇಳಿ ಹೋಗಿ. ಬಾನೆಟ್ ಮುಟ್ಟಿ, ತಣ್ಣಗಿದ್ದರೆ ಕ್ಯಾಪ್ ತೆಗೆಸಿ. ಒಳಗೆ ಕೆಂಪು ಮಣ್ಣಿನ ಬಣ್ಣದ ನೀರಿದ್ದರೆ ವರ್ಷಗಟ್ಟಲೆ ಸಾದಾ ನೀರಲ್ಲಿ ಓಡಿದ ಗಾಡಿ ಅದು. ಎಂಜಿನ್ ಆಗತಾನೇ ತೊಳೆದು ಮಿಂಚುತ್ತಿದ್ದರೆ ಕಲೆಯೂ ತೊಳೆದುಹೋಗಿರುತ್ತದೆ. ಇನ್ನೊಂದು ದಿನ ಓಡಿಸಿದ ಮೇಲೆ ನೋಡುತ್ತೇನೆ ಎನ್ನಿ.

ಈಗಾಗಲೇ ಘಾಟಿಯಲ್ಲಿ ಮುಳ್ಳು ಮೇಲೆ ಹತ್ತುತ್ತಿದ್ದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಇಡಿ. ಸ್ವಲ್ಪ ಬಿಸಿ ಅಲ್ಲಿಂದ ಹೋಗುತ್ತದೆ. ಅಗಲ ಇರುವ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿ. ಕೆಂಪಿಗೆ ಮುಟ್ಟಿದ್ದರೆ, ಹಬೆ ಬರುತ್ತಿದ್ದರೆ ಕೂಡಲೇ ಎಂಜಿನ್ ಆಫ್ ಮಾಡಿ. ಕ್ಯಾಪ್ ಮುಟ್ಟಬೇಡಿ. ಒತ್ತಡದಿಂದ ತಡೆದು ನಿಂತ ನೀರು ಕ್ಯಾಪ್ ಸಡಿಲವಾದ ಕ್ಷಣ ಒಟ್ಟಿಗೇ ಕುದಿದು ಮುಖಕ್ಕೆ ಹಾರುತ್ತದೆ. ಬಿಸಿ ಎಂಜಿನ್ನಿಗೆ ತೊರೆಯ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಒಂದು ಗಂಟೆಯಾದರೂ ಕಾಯಿರಿ. ಆಮೇಲೆ ದಪ್ಪ ಬಟ್ಟೆ ಹಾಕಿ, ಮೊದಲ ಹಂತಕ್ಕೆ ಮಾತ್ರ ತಿರುಗಿಸಿ, ಸುಯ್ ಸದ್ದು ನಿಂತ ಮೇಲೆ ತೆಗೆದು ನೀರು ತುಂಬಿ. ಆ ನೀರು ಗ್ಯಾರೇಜ್ ತಲುಪುವವರೆಗೆ ಮಾತ್ರ. ಮನೆಗೆ ಹೋಗಿ ಮಲಗಿ, ಮರುದಿನ ಮತ್ತೆ ಘಾಟಿ ಇಳಿಯಬೇಡಿ.