ಹೊಂಡದಲ್ಲಿ ಮೀನು, ಮನೆಯಲ್ಲಿ ಕಾಸು

ಬೆಳಗಿನ ಜಾವ ಐದು ಗಂಟೆ. ದೊಡ್ಡಬಳ್ಳಾಪುರದ ಕಡೆ ಒಂದು ಹೊಲ. ಆ ಮನೆಯ ಅಕ್ಕ ಟಾರ್ಚ್ ಹಿಡಿದು ಕೃಷಿ ಹೊಂಡದ ದಡದಲ್ಲಿ ಕೂತಿದ್ದರು. ಬೆಳಕು ಬಿದ್ದ ಕಡೆಯೆಲ್ಲ ನೀರಿನ ಮೇಲೆ ಪುಟ್ಟ ಪುಟ್ಟ ಬಾಯಿಗಳು. ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ನೋಡೋಕೆ ಚೆನ್ನಾಗಿದೆ ಅಂದುಕೊಂಡೆ. ಅಕ್ಕನ ಮುಖ ನೋಡಿದ ಮೇಲೆ ಸುಮ್ಮನಾದೆ.

"ನಿನ್ನೆ ಇಡೀ ದಿನ ಮೋಡ ಇತ್ತಲ್ಲಣ್ಣ, ಅದಕ್ಕೇ ನಿದ್ದೆ ಬರ್ಲಿಲ್ಲ" ಎಂದರು. ಆ ಹೊತ್ತಿನಲ್ಲಿ ತ್ರೀ ಫೇಸ್ ಕರೆಂಟ್ ಇರಲಿಲ್ಲ. ಮೋಟರ್ ಹಾಕುವ ಹಾಗಿಲ್ಲ. ಬಿಂದಿಗೆಯಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯತೊಡಗಿದರು. ಅವರ ಯಜಮಾನರು ಆಚೆ ದಡದಲ್ಲಿ ನಿಂತು ಬಿದಿರ ಗಳದಿಂದ ನೀರನ್ನು ಬಡಿಯುತ್ತಿದ್ದರು. ಬಿಸಿಲು ಬಂದು ಅರ್ಧ ಗಂಟೆ ಕಳೆದ ಮೇಲೆ ಬಾಯಿಗಳು ಒಂದೊಂದಾಗಿ ಕೆಳಗೆ ಇಳಿದವು.

ಅಲ್ಲಿ ಏನು ನಡೆಯಿತು? ಒಂದು ಲೀಟರ್ ಗಾಳಿಯಲ್ಲಿ ಸುಮಾರು 250 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ನಮ್ಮ ಬೆಂಗಳೂರಿನ ಹವೆಯಲ್ಲಿ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುವುದು 7ರಿಂದ 8 ಮಿಲಿಗ್ರಾಂ ಅಷ್ಟೇ. ಇಷ್ಟರಲ್ಲೇ ಮೀನು ಬದುಕಬೇಕು. 4-5 ಮಿಲಿಗ್ರಾಂಗಿಂತ ಕಡಿಮೆಯಾದರೆ ಗೆಂಡೆ ಮೀನಿಗೆ ಮೇವು ಬೇಡವಾಗುತ್ತದೆ. ಇನ್ನೂ ಇಳಿದರೆ ಉಸಿರಿಗಾಗಿ ಮೇಲೆ ಬರುತ್ತದೆ.

ಹೊಂಡದ ನೀರು ಹಸಿರಾಗಿ ಕಾಣುತ್ತದಲ್ಲ, ಅದು ಕಣ್ಣಿಗೆ ಬೀಳದಷ್ಟು ಸಣ್ಣ ಪಾಚಿ. ಹಗಲು ಬಿಸಿಲಲ್ಲಿ ಅದು ಆಮ್ಲಜನಕ ಬಿಡುತ್ತದೆ. ರಾತ್ರಿ ಅದೂ ಮೀನಿನ ಹಾಗೆಯೇ ಉಸಿರಾಡುತ್ತದೆ. ತಳದ ಕೆಸರಿನ ಸೂಕ್ಷ್ಮಜೀವಿಗಳೂ ಪಾಲು ಕೇಳುತ್ತವೆ. ಹಗಲು ಕೂಡಿಟ್ಟದ್ದನ್ನು ರಾತ್ರಿಯೆಲ್ಲ ಖರ್ಚು ಮಾಡಿದ ಹಾಗೆ. ಸೂರ್ಯ ಹುಟ್ಟುವ ಮುಂಚಿನ ಹೊತ್ತಿಗೆ ಗಂಟು ಬರಿದು. ಹಿಂದಿನ ದಿನ ಮೋಡ ಇದ್ದರೆ ಗಳಿಕೆಯೇ ಕಡಿಮೆ, ಖರ್ಚು ಮಾತ್ರ ಅಷ್ಟೇ. ಎತ್ತರದಿಂದ ಸುರಿದ ನೀರು ಹನಿ ಹನಿಯಾಗಿ ಗಾಳಿಯನ್ನು ಮುಟ್ಟಿ ಒಂದಿಷ್ಟು ಆಮ್ಲಜನಕ ಹೊತ್ತು ತರುತ್ತದೆ. ಅಕ್ಕ ಬಿಂದಿಗೆಯಲ್ಲಿ ತುಂಬುತ್ತಿದ್ದದ್ದು ಅದನ್ನೇ.

2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ಸತ್ತು ರಾಶಿ ರಾಶಿ ತೇಲಿದ್ದು ನಗರದವರಿಗೆ ನೆನಪಿರಬಹುದು. ಕೊಳಚೆ ಸೇರಿದ ನೀರಿನಲ್ಲಿ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ನುಂಗಿಬಿಡುತ್ತವೆ. ಹಳ್ಳಿಯ ಹೊಂಡಕ್ಕೆ ಸಗಣಿ ಜಾಸ್ತಿ ಹಾಕಿದರೂ ಆಗುವುದು ಇದೇ.

ಈ ಹೊಂಡಗಳು ಮೀನಿಗಾಗಿ ತೋಡಿದವಲ್ಲ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ನಮ್ಮ ಬಯಲುಸೀಮೆಯಲ್ಲಿ ಹೊಂಡಗಳು ಹೆಚ್ಚಾದವು. ಮಳೆ ನೀರು ಹಿಡಿದು, ರಾಗಿಗೋ ತರಕಾರಿಗೋ ಒಂದೆರಡು ಸಲ ಕೊಡಲಿ ಎಂಬುದು ಉದ್ದೇಶ. ಮೀನು ಆಮೇಲೆ ಬಂತು. ಇದನ್ನು ಮರೆಯಬಾರದು. ಮೀನಿನಿಂದ ಲಕ್ಷ ಲಕ್ಷ ಗಳಿಸಿ ಎಂದು ಹೇಳುವ ವಿಡಿಯೊಗಳನ್ನು ನೋಡಿ ಸಾಲ ಮಾಡಿದವರನ್ನು ಕಂಡಿದ್ದೇನೆ. ನನಗೆ ಸಂಕಟವಾಗುತ್ತದೆ. ಅದಕ್ಕೇ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ.

21 ಮೀಟರ್ ಉದ್ದ, 21 ಮೀಟರ್ ಅಗಲದ ಹೊಂಡ ತೆಗೆದುಕೊಳ್ಳಿ. ನೀರಿನ ಮೇಲ್ಮೈ 441 ಚದರ ಮೀಟರ್. ಚದರ ಮೀಟರಿಗೆ ಒಂದು ಮರಿಯಂತೆ 440 ಮರಿ. ಚೆನ್ನಾಗಿ ನೋಡಿಕೊಂಡ ಕೊಳದಲ್ಲಿ ಹೆಕ್ಟೇರಿಗೆ ವರ್ಷಕ್ಕೆ 3ರಿಂದ 4 ಟನ್ ಮೀನು ಬರುತ್ತದೆ. ಆ ಲೆಕ್ಕದಲ್ಲಿ ಈ ಹೊಂಡಕ್ಕೆ 130ರಿಂದ 175 ಕೆಜಿ. ನೀರು ಬೇಗ ಇಳಿದರೆ ನೂರು ಕೆಜಿ ಎಂದೇ ಇಟ್ಟುಕೊಳ್ಳೋಣ. ದಡದಲ್ಲೇ ಕೆಜಿಗೆ 120 ರೂಪಾಯಿ ಸಿಕ್ಕಿತು ಎಂದುಕೊಂಡರೂ 12 ಸಾವಿರ. ಮರಿ, ಮೇವಿನ ಖರ್ಚು ಕಳೆಯಬೇಕು.

ಇಷ್ಟೇನಾ ಅನ್ನಬಹುದು. ಆದರೆ ಹಳ್ಳಿಮನೆಗೆ ದುಡ್ಡು ಎಷ್ಟು ಬಂತು ಎಂಬಷ್ಟೇ ಮುಖ್ಯ, ಅದು ಯಾವಾಗ ಬಂತು ಎಂಬುದು. ಡೈರಿ ಹಾಲಿನ ಬಟವಾಡೆ ಬಂದ ದಿನವೇ ಹಿಂಡಿ, ಬೂಸಾಕ್ಕೆ ಹೋಗುತ್ತದೆ. ರಾಗಿ ಬಹುಪಾಲು ಮನೆಯ ಕಣಜಕ್ಕೆ. ಬೇಸಿಗೆ ಬಂದರೆ ಹೊಲದಲ್ಲಿ ಏನೂ ಇಲ್ಲ. ಆಗಲೇ ಮಕ್ಕಳ ಶಾಲೆಯ ಫೀಸು, ಮುಂಗಾರಿನ ಬೀಜ, ಗೊಬ್ಬರ ಎಲ್ಲ ಒಟ್ಟಿಗೆ ಬಂದು ನಿಲ್ಲುತ್ತವೆ. ಮೀನು ಸರಿಯಾಗಿ ಆ ಹೊತ್ತಿಗೇ ತೂಕಕ್ಕೆ ಬರುತ್ತದೆ. "ಇದು ನನ್ನ ಚೀಟಿ ಅಣ್ಣ" ಎಂದು ಅಕ್ಕ ಅಂದದ್ದು ನನಗೆ ತುಂಬ ಸರಿ ಅನಿಸಿತು. ದಿನಾ ಒಂದು ಹಿಡಿ ತೌಡು ಕಟ್ಟುತ್ತಾ ಬಂದು ಏಪ್ರಿಲ್‌ನಲ್ಲಿ ಚೀಟಿ ಎತ್ತುವುದು.

ಈ ಚೀಟಿಗೆ ಕಂತು ಕಡಿಮೆ ಏಕೆ? ಮೀನಿನ ಮೈ ನೋಡಿ. ಹಸು, ಕೋಳಿಗಳು ತಿಂದ ಮೇವಿನ ಒಂದು ಪಾಲನ್ನು ಮೈ ಬೆಚ್ಚಗಿಡಲು ಸುಡುತ್ತವೆ. ಮೀನಿನ ಮೈ ನೀರಿನಷ್ಟೇ ತಣ್ಣಗೆ. ಮೈಭಾರ ಹೊರಲು ಗಟ್ಟಿ ಕಾಲು, ದಪ್ಪ ಮೂಳೆ ಬೇಡ, ನೀರೇ ಹೊರುತ್ತದೆ. ಹಾಗಾಗಿ ಒಳ್ಳೆಯ ಮೇವು ಕೊಟ್ಟರೆ ಹೆಚ್ಚುಕಡಿಮೆ 2 ಕೆಜಿ ಮೇವಿಗೆ 1 ಕೆಜಿ ಮೀನು. ಅದರ ಜೊತೆ ಹೊಂಡವೇ ಒಂದು ಪಾಲು ಮೇವು ಬೆಳೆದು ಕೊಡುತ್ತದೆ. ಸಗಣಿ ಬಗ್ಗಡದಿಂದ ಪಾಚಿ, ಪಾಚಿಯನ್ನು ತಿನ್ನುವ ಸಣ್ಣ ಹುಳು, ಹುಳುವನ್ನು ತಿನ್ನುವ ಮೀನು.

ಹೊಂಡಕ್ಕೆ ಬಿಡುವ ಗೆಂಡೆ ಮೀನುಗಳಲ್ಲಿ ಕಾಟ್ಲಾದ ಬಾಯಿ ಮೇಲಕ್ಕೆ ತಿರುಗಿರುತ್ತದೆ. ಅದು ಮೇಲ್ಪದರದ ಸಣ್ಣ ಹುಳುಗಳನ್ನು ಸೋಸಿ ತಿನ್ನುತ್ತದೆ. ರೋಹು ನಡುಮಟ್ಟದಲ್ಲಿ ಮೇಯುತ್ತದೆ. ಮೃಗಾಲ್ ಬಾಯಿ ಕೆಳಕ್ಕೆ, ತಳದಲ್ಲಿ ಕೊಳೆತದ್ದೆಲ್ಲ ಅದರದ್ದು. ನೂರು ಮರಿಯಲ್ಲಿ 40 ಕಾಟ್ಲಾ, 30 ರೋಹು, 30 ಮೃಗಾಲ್ ಎಂಬುದು ಹಳೆಯ ಹದ. ಒಂದೇ ಮನೆಯಲ್ಲಿ ಮೂರು ಸಂಸಾರ, ಅಡುಗೆ ಒಲೆ ಬೇರೆ ಬೇರೆ. ಜಗಳವಿಲ್ಲ.

ನೀರು ಹದವಾಗಿದೆಯಾ ಎಂದು ತಿಳಿಯಲು ಯಂತ್ರ ಬೇಡ. ಕೈಯನ್ನು ಮೊಣಕೈವರೆಗೆ ನೀರಿಗೆ ಇಳಿಸಿ. ಅಂಗೈ ಆಗ ತಾನೆ ಮರೆಯಾಗುವಂತಿದ್ದರೆ ಸರಿ. ಮಣಿಕಟ್ಟು ಮುಳುಗುವಷ್ಟರಲ್ಲೇ ಕಾಣದಾದರೆ ಹಸಿರು ಜಾಸ್ತಿ, ಸಗಣಿ ನಿಲ್ಲಿಸಿ. ಉಗುರು ಸ್ಪಷ್ಟವಾಗಿ ಕಂಡರೆ ನೀರು ಬಡವಾಗಿದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ ಬೇಗ ಬಡವಾಗುತ್ತದೆ. ಮಣ್ಣಿನ ಸತ್ವ ನೀರಿಗೆ ಇಳಿಯುವುದಿಲ್ಲ. ಹಳೆಯ ಗೋಣಿಚೀಲದಲ್ಲಿ ಸಗಣಿ ತುಂಬಿ ಮೂಲೆಯಲ್ಲಿ ಕಟ್ಟಿದರೆ ಸಾರ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಮೋಡದ ದಿನ ಸಗಣಿಯೂ ಬೇಡ, ಮೇವೂ ಬೇಡ.

ಮೇವು ಎಂದರೆ ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿ, ಸಮ ಸಮ. ದೇವನಹಳ್ಳಿ, ಅದರ ಪಕ್ಕದ ವಿಜಯಪುರ, ಶಿಡ್ಲಘಟ್ಟದ ಕಡೆಯವರಿಗೆ ಇನ್ನೊಂದು ಭಾಗ್ಯ ಇದೆ. ರೇಷ್ಮೆ. ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಹುಳುವನ್ನು ಒಣಗಿಸಿದರೆ ಅದರಲ್ಲಿ ಅರ್ಧಕ್ಕೂ ಹೆಚ್ಚು ಪ್ರೋಟೀನ್. ಚೀನಾದ ರೈತರು ಹಿಪ್ಪುನೇರಳೆ, ರೇಷ್ಮೆ, ಮೀನು ಮೂರನ್ನೂ ಒಂದೇ ಸರಪಳಿಯಲ್ಲಿ ಶತಮಾನಗಳಿಂದ ಬೆಳೆಸಿದ್ದಾರೆ. ಸೊಪ್ಪು ಹುಳುವಿಗೆ, ಹುಳುವಿನ ಹಿಕ್ಕೆ ಮೀನಿಗೆ, ಹೊಂಡದ ಕೆಸರು ಮತ್ತೆ ಗಿಡಕ್ಕೆ. ಬೆಂಗಳೂರಿನ ಸುತ್ತ ಈ ಮೂರೂ ಪಕ್ಕಪಕ್ಕದಲ್ಲೇ ಇವೆ. ಆದರೂ ಒಂದಕ್ಕೊಂದು ಕೈ ಹಿಡಿದಿರುವುದು ಅಪರೂಪ. ಇದು ಬದಲಾಗಬೇಕು ಎಂದು ನನಗೆ ನಿಜವಾಗಿಯೂ ಆಸೆ.

ದೊಡ್ಡ ತೊಡಕು ನೀರಿನದು. ನಮ್ಮಲ್ಲಿ ಮಳೆ ಜೋರಾಗುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಮೇಲೆ ಒಣಹವೆ. ದಿನಕ್ಕೆ 5 ಮಿಲಿಮೀಟರ್ ನೀರು ಆವಿಯಾದರೂ ಆರು ತಿಂಗಳಿಗೆ ಹತ್ತಿರ ಹತ್ತಿರ ಒಂದು ಮೀಟರ್ ಹೋಯಿತು. ಬೆಳೆಗೆ ಕೊಟ್ಟದ್ದು ಬೇರೆ. ಡಿಸೆಂಬರ್, ಜನವರಿಯ ಚಳಿಗೆ ಮೀನು ಸರಿಯಾಗಿ ಮೇಯುವುದಿಲ್ಲ. ಕಾಟ್ಲಾ, ರೋಹು ಚೆನ್ನಾಗಿ ಬೆಳೆಯಲು ನೀರು 25 ಡಿಗ್ರಿಗಿಂತ ಬೆಚ್ಚಗಿರಬೇಕು. ಅಂದರೆ ಬೆಳವಣಿಗೆಗೆ ಸಿಗುವ ತಿಂಗಳು ಕಡಿಮೆ. ಆದ್ದರಿಂದ ದೊಡ್ಡ ಮರಿಯನ್ನೇ ಬಿಡಬೇಕು.

ನಮ್ಮ ಚಿಕ್ಕಪ್ಪ ಮೊದಲ ವರ್ಷ ಇದರಲ್ಲೇ ಸೋತರು. ಅಗ್ಗಕ್ಕೆ ಸಿಕ್ಕಿತೆಂದು ಉಗುರುದ್ದದ 500 ಮರಿ ತಂದರು. ಚೀಲ ಬಿಚ್ಚಿ ಒಂದೇ ಸಲ ಸುರಿದರು. ಮಿಂಚುಳ್ಳಿ ಒಂದಿಷ್ಟು ತಿಂದಿತು, ನೀರುಹಾವು ಒಂದಿಷ್ಟು. ಕೊನೆಗೆ ಬಲೆಗೆ ಬಿದ್ದದ್ದು ನೂರೂ ಇಲ್ಲ. ಮುಂದಿನ ವರ್ಷ ಬೆರಳಿಗಿಂತ ಉದ್ದದ ಬಲಿತ ಬಿತ್ತನೆ ಮರಿ ತಂದರು. ಚೀಲವನ್ನು ಕಾಲು ಗಂಟೆ ಹೊಂಡದಲ್ಲೇ ತೇಲಿಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಬಿಸಿಗೆ ಬಂದ ಮೇಲೆ ಬಿಚ್ಚಿದರು. ವ್ಯತ್ಯಾಸ ಬಲೆಯಲ್ಲೇ ಕಂಡಿತು.

ಮರಿ ಕೊಳ್ಳಲು ಸಿಗುತ್ತದೆ ಎಂಬುದೇ ಒಂದು ದೊಡ್ಡ ಕಥೆ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಅವಕ್ಕೆ ಮಳೆಗಾಲದ ತುಂಬಿದ ಹೊಳೆ ಬೇಕು. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಗಾರರು ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ, ಗೆಂಡೆ ಮೀನುಗಳು ಕೊಳದಲ್ಲೇ ಮೊಟ್ಟೆ ಇಡುವಂತೆ ಮಾಡಿದರು. ಇವತ್ತಿಗೂ ಜುಲೈ 10 ದೇಶದಲ್ಲಿ ಮೀನು ಕೃಷಿಕರ ದಿನ. ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಎಂಬ ಇನ್ನೊಂದು ಜಾತಿಯ ಕಷ್ಟ ಇದಕ್ಕೆ ಉಲ್ಟಾ. ಅದು ಬೇಗ ಬಲಿತು ಹೊಂಡದಲ್ಲೇ ಮರಿ ಮಾಡಿಬಿಡುತ್ತದೆ. ಮೀನು ಜಾಸ್ತಿಯಾಗಿ ಎಲ್ಲವೂ ಸಣಕಲು. ನಮ್ಮ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರ ಹಂಗೇರಿ ಮೂಲದ ಅಮೂರ್ ತಳಿಯ ಗೆಂಡೆಯನ್ನು ರೈತರಿಗೆ ಕೊಟ್ಟದ್ದು ಇದೇ ಕಾರಣಕ್ಕೆ. ಅದು ನಿಧಾನವಾಗಿ ಬಲಿಯುತ್ತದೆ, ಬೇಗ ಬೆಳೆಯುತ್ತದೆ. ಆರೆಂಟು ತಿಂಗಳು ಮಾತ್ರ ನೀರಿರುವ ಹೊಂಡಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಆಫ್ರಿಕನ್ ಕ್ಯಾಟ್‌ಫಿಶ್ ಸಾಕುತ್ತೇವೆ ಎಂದು ಯಾರಾದರೂ ಬಂದರೆ ಬೇಡ ಎನ್ನಿ. ಅದರ ಸಾಕಣೆಗೆ ದೇಶದಲ್ಲಿ ನಿಷೇಧ ಇದೆ. ಕೆರೆಗೆ ಹಾರಿಕೊಂಡರೆ ಬೇರೆ ಮೀನನ್ನೆಲ್ಲ ತಿಂದುಹಾಕುತ್ತದೆ.

ಮಾರುವುದು ಎಲ್ಲಿ? ನಗರದ ಮಾರುಕಟ್ಟೆಗೆ ಆಂಧ್ರದ ಕಾಟ್ಲಾ, ರೋಹು ಐಸ್ ಪೆಟ್ಟಿಗೆಯಲ್ಲಿ ಲಾರಿಗಟ್ಟಲೆ ಬರುತ್ತದೆ. ಬೆಲೆಯಲ್ಲಿ ಅದರ ಜೊತೆ ಗುದ್ದಾಡಿದರೆ ಸಣ್ಣ ರೈತ ಸೋಲುತ್ತಾನೆ. ಅವನ ಕೈಯಲ್ಲಿರುವುದು ಒಂದೇ, ಇನ್ನೂ ಒದ್ದಾಡುತ್ತಿರುವ ಜೀವಂತ ಮೀನು. ಅದಕ್ಕೆ ಗಿರಾಕಿ ಊರಲ್ಲೇ ಇದ್ದಾರೆ. ದಡದಲ್ಲಿ ತೂಗಿ ಕೊಟ್ಟರೆ ಸಾಗಣೆ ಇಲ್ಲ, ಐಸ್ ಇಲ್ಲ, ದಲ್ಲಾಳಿ ಇಲ್ಲ. 2020ರಲ್ಲಿ ಬಂದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮಹಿಳೆಯರಿಗೆ ಶೇ. 60ರವರೆಗೆ ಸಹಾಯಧನ ಇಟ್ಟಿದ್ದರು. ಹೊಸದಾಗಿ ಕೊಳ ಮಾಡುವವರು ಅದು ಈಗಲೂ ಇದೆಯಾ ಎಂದು ವಿಚಾರಿಸಬಹುದು.

ಮಾರದೆ ಮನೆಯಲ್ಲೇ ಉಳಿಯುವ ಮೀನಿಗೂ ಲೆಕ್ಕ ಇದೆ. ನೂರು ಗ್ರಾಂ ರೋಹುವಿನಲ್ಲಿ ಸುಮಾರು 17 ಗ್ರಾಂ ಪ್ರೋಟೀನ್. ಮುದ್ದೆ, ಸೊಪ್ಪಿನ ಸಾರು ಒಳ್ಳೆಯ ಊಟವೇ. ಆದರೆ ವಿಟಮಿನ್ ಬಿ12 ಸೊಪ್ಪು, ಕಾಳಿನಲ್ಲಿ ಸಿಗುವುದಿಲ್ಲ. ಹಾಲು, ಮೊಟ್ಟೆ, ಮಾಂಸ, ಮೀನಿನಿಂದಲೇ ಬರಬೇಕು. ಹಾಲನ್ನು ಡೈರಿಗೆ ಹಾಕಿ ಮಕ್ಕಳಿಗೆ ನೀರು ಟೀ ಕೊಡುವ ಮನೆಗಳಲ್ಲಿ ವಾರಕ್ಕೊಂದು ಮೀನು ಸಣ್ಣ ಮಾತಲ್ಲ.

ಒಂದು ಮಾತನ್ನು ಒತ್ತಿ ಹೇಳಲೇಬೇಕು. ಪ್ಲಾಸ್ಟಿಕ್ ಹಾಸಿದ ಹೊಂಡ ಜಾರುತ್ತದೆ. ಬಿದ್ದವರು ಹತ್ತಲಾಗುವುದಿಲ್ಲ, ಈಜು ಬಂದರೂ. ಮಕ್ಕಳು ಹೀಗೆ ಹೋಗಿದ್ದಾರೆ. ಮರಿ ತರುವ ಮುಂಚೆ ಸುತ್ತ ಬೇಲಿ ಹಾಕಿ. ನಾಲ್ಕೂ ಕಡೆ ಗೂಟಕ್ಕೆ ಗಂಟು ಗಂಟಿನ ಹಗ್ಗ ಕಟ್ಟಿ ನೀರಿಗೆ ಇಳಿಬಿಡಿ. ಒಂದು ಹಳೇ ಟ್ಯೂಬ್ ತೇಲುತ್ತಿರಲಿ.

ಯುಗಾದಿಯ ಮಾರನೆ ದಿನ, ಹೊಸತೊಡಕಿಗೆ, ಮತ್ತೆ ಅಕ್ಕನ ಹೊಲಕ್ಕೆ ಹೋಗಿದ್ದೆ. ಬೇವಿನ ಮರಕ್ಕೆ ತಕ್ಕಡಿ ಕಟ್ಟಿದ್ದರು. ನಾಲ್ವರು ಬಲೆ ಎಳೆದರು. ಊರಿನವರು ಪಾತ್ರೆ, ಚೀಲ ಹಿಡಿದು ಸಾಲಾಗಿ ನಿಂತಿದ್ದರು. ಹತ್ತೂವರೆಗೆಲ್ಲ ಮೀನು ಖಾಲಿ. ಬುಟ್ಟಿಯಲ್ಲಿ ಒದ್ದೆ ಗೋಣಿಯ ಕೆಳಗೆ ಎರಡು ಕಾಟ್ಲಾ ಮಾತ್ರ ಎತ್ತಿಟ್ಟಿದ್ದರು. ಒಂದು ಮನೆಗೆ, ಒಂದು ತವರಿಗೆ. ಸಂಜೆ ಕರೆಂಟ್ ಬಂದ ಮೇಲೆ ಹೊಂಡದಲ್ಲಿ ಉಳಿದಿದ್ದ ಮೊಣಕಾಲುದ್ದದ ಹಸಿರು ನೀರನ್ನು ಹಿಪ್ಪುನೇರಳೆ ತೋಟಕ್ಕೆ ಬಿಟ್ಟರು.