ಹಳದಿ ಹೋಗೋ ತನಕ ಕುದಿಸ್ಬೇಕು

ಇನ್ಸುಲಿನ್ ಬಂದು ಜೀವಕೋಶದ ಮೇಲೆ ಅದನ್ನ ಹಿಡ್ಕೊಳ್ಳೋ ಪ್ರೋಟೀನ್, ಅಂದ್ರೆ ರಿಸೆಪ್ಟರ್‌ಗೆ ಅಂಟಿದ ತಕ್ಷಣ ಆಗೋ ಮೊದಲ ಕೆಲಸ ಅಂದ್ರೆ, ಆ ರಿಸೆಪ್ಟರ್‌ನ ಟೈರೋಸಿನ್ ಅನ್ನೋ ಅಮೈನೋ ಆಮ್ಲಗಳ ಮೇಲೆ ಫಾಸ್ಫೇಟ್ ಕೂತ್ಕೊಳ್ಳೋದು. ಕೂರಿಸೋ ಎಂಜೈಮ್ ಕೈನೇಸ್, ಕಿತ್ತು ಹಾಕೋದು ಫಾಸ್ಫಟೇಸ್. ಈ ಫಾಸ್ಫೇಟನ್ನ ನೋಡೋಣ ಅಂತ ನಾವು ಜೀವಕೋಶ ಒಡೀತೀವಿ, ಒಡೆದ್ಮೇಲೆ ಫಾಸ್ಫಟೇಸ್‌ಗಳನ್ನ ತಡೆಯೋರೇ ಇರಲ್ಲ, ಟ್ಯೂಬ್ ಐಸ್ ಮೇಲಿದ್ರೂ ಅವು ಕೆಲಸ ಮಾಡ್ತಾನೇ ಇರ್ತವೆ, ಆಮೇಲೆ ವೆಸ್ಟರ್ನ್ ಬ್ಲಾಟ್ (ಆಂಟಿಬಾಡಿ ಬಳಸಿ ಪ್ರೋಟೀನ್ ಪತ್ತೆ ಮಾಡೋ ವಿಧಾನ) ಮಾಡಿದ್ರೆ ಬ್ಯಾಂಡೇ ಕಾಣಲ್ಲ.

ಅದಕ್ಕೇ ಜೀವಕೋಶ ಒಡೆಯೋ ದ್ರಾವಣಕ್ಕೆ, ಅಂದ್ರೆ ಬಫರ್‌ಗೆ, ಸೋಡಿಯಂ ಆರ್ಥೋವನಡೇಟ್ (ಚಿಕ್ಕದಾಗಿ ವನಡೇಟ್) ಹಾಕೋದು, ಸಾಮಾನ್ಯವಾಗಿ 1 ಮಿಲಿಮೋಲಾರ್. ವನೇಡಿಯಂ ಸುತ್ತ ನಾಲ್ಕು ಆಕ್ಸಿಜನ್, ಆಕಾರದಲ್ಲಿ ಥೇಟ್ ಫಾಸ್ಫೇಟ್ ತರಾನೇ, ಹಾಗಾಗಿ ಫಾಸ್ಫೇಟ್ ಕೂರಬೇಕಾದ ಜಾಗದಲ್ಲಿ ಇದು ಹೋಗಿ ಕೂತುಬಿಡತ್ತೆ, ಟೈರೋಸಿನ್ ಫಾಸ್ಫಟೇಸ್ ಅಲ್ಲೇ ಕಟ್ಟಿಹಾಕಿದ ಹಾಗೆ ನಿಲ್ಲತ್ತೆ.

ವನಡೇಟ್‌ಗೆ ಇಂಥ ಶಕ್ತಿ ಇದೆ ಅಂತ ಗೊತ್ತಾಗಿದ್ದು ಬೇರೆ ಏನೋ ಹುಡುಕ್ತಿದ್ದಾಗ, ನನಗೆ ತುಂಬಾ ಇಷ್ಟದ ಕಥೆ ಇದು. ಜೀವಕೋಶದಿಂದ ಸೋಡಿಯಂ ಆಚೆ ಹಾಕಿ ಪೊಟ್ಯಾಸಿಯಂ ಒಳಗೆ ತರೋ ಸೋಡಿಯಂ-ಪೊಟ್ಯಾಸಿಯಂ ಪಂಪ್ ಮೇಲೆ ಕೆಲಸ ಮಾಡೋರಿಗೆ, ಅದಕ್ಕೆ ಶಕ್ತಿ ಕೊಡೋ ಎಟಿಪಿನ ಸ್ನಾಯುವಿನಿಂದ ತೆಗೆದು ಹಾಕಿದ್ರೆ ಪಂಪ್ ನಿಂತುಹೋಗ್ತಿತ್ತು, ಎಟಿಪಿ ಜೊತೆ ಏನೋ ಸೇರ್ಕೊಂಡು ಬರ್ತಿದೆ ಅಂತ ಬೆನ್ನತ್ತಿ ಹೋದ್ರೆ ಸಿಕ್ಕಿದ್ದು ವನಡೇಟ್. ಇದು ಪ್ರಕಟ ಆಗಿದ್ದು 1977ರಲ್ಲಿ.

ಈಗ ಕುದಿಸೋ ವಿಷ್ಯಕ್ಕೆ ಬರ್ತೀನಿ. ಲ್ಯಾಬ್‌ಗೆ ಹೊಸದಾಗಿ ಸೇರಿದ್ದಾಗ ನಾನು ವನಡೇಟ್ ಪುಡಿನ ನೀರಲ್ಲಿ ಕರಗಿಸಿ, ಪಿಎಚ್ ಇಳಿಸಿ, ಹಾಗೇ ಬಳಸ್ತಿದ್ದೆ. ಬ್ಲಾಟ್ ಮೇಲೆ ಬ್ಲಾಟ್ ಖಾಲಿ. ಆಂಟಿಬಾಡಿ ಸರಿಯಿಲ್ಲ ಅಂದ್ಕೊಂಡೆ, ಎಷ್ಟೋ ರಾತ್ರಿ ನಿದ್ದೆ ಬರ್ಲಿಲ್ಲ. ಒಂದಿನ ಸೀನಿಯರ್ ಅಕ್ಕ ನನ್ನ ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದು ನೋಡಿ, "ಯಾಕೆ ಇದು ಹಳದಿ ಇದೆ, ಕುದಿಸ್ಲಿಲ್ವಾ ನೀನು?" ಅಂದ್ರು.

ಆ ಹಳದಿ ಡೆಕಾವನಡೇಟ್‌ದು. ಪಿಎಚ್ ಇಳಿದಾಗ ಹತ್ತು ವನೇಡಿಯಂ ಒಟ್ಟಿಗೆ ಗುಂಪು ಕಟ್ಕೊಂಡುಬಿಡ್ತವೆ, ಆ ಗುಂಪು ಫಾಸ್ಫೇಟ್ ಜಾಗದಲ್ಲಿ ಹಿಡಿಸಲ್ಲ. ಪಿಎಚ್ 10ಕ್ಕೆ ತಂದು ಕುದಿಸಿದ್ರೆ ಗುಂಪು ಬಿಡಿಬಿಡಿ ಆಗತ್ತೆ, ಬಣ್ಣ ನಿಧಾನಕ್ಕೆ ತೆಳುವಾಗ್ತಾ ಹೋಗಿ ಕೊನೆಗೆ ಬರೀ ನೀರಿನ ಹಾಗೆ ಕಾಣತ್ತೆ. ಆರಿದ್ಮೇಲೆ ಮತ್ತೆ ಪಿಎಚ್ ನೋಡ್ಬೇಕು, ಬದಲಾಗಿದ್ರೆ ಮತ್ತೆ 10ಕ್ಕೆ ತಂದು ಮತ್ತೆ ಕುದಿಸ್ಬೇಕು, ಅದು ಅಲ್ಲೇ ನಿಲ್ಲೋ ತನಕ. ಬೇಸರ ಮಾಡ್ಕೋಬೇಡಿ. ಆಮೇಲೆ ಸಣ್ಣ ಟ್ಯೂಬ್‌ಗಳಿಗೆ ಹಂಚಿ ಫ್ರೀಜರ್‌ಗೆ.

ಇನ್ನೊಂದು, ಬಫರ್‌ಗಳಲ್ಲಿ ಸಾಮಾನ್ಯವಾಗಿ ಬಳಸೋ ರಾಸಾಯನಿಕಗಳಾದ ಇಡಿಟಿಎ ಅಥವಾ ಡಿಟಿಟಿ ಜಾಸ್ತಿ ಇದ್ಯಾ ನೋಡ್ಕೊಳ್ಳಿ. ಇಡಿಟಿಎ ವನಡೇಟನ್ನ ಹಿಡಿದಿಟ್ಕೊಳ್ಳತ್ತೆ, ಡಿಟಿಟಿ ಅದರ ರೂಪಾನೇ ಬದಲಾಯಿಸತ್ತೆ, ಎಷ್ಟು ಚೆನ್ನಾಗಿ ಕುದಿಸಿದ್ರೂ ಫಾಸ್ಫಟೇಸ್ ಮತ್ತೆ ಶುರು ಹಚ್ಕೊಳ್ಳತ್ತೆ.